ಬೋರ್ಡ್ ಬದಲಿಸಿದೆವು, -18 ಡಿಗ್ರಿ ಹೋಗಿ 238 ಆಯಿತು

ಪ್ರಶ್ನೆ: ಪೀಣ್ಯದಲ್ಲಿ ಕೋಲ್ಡ್ ರೂಮ್ ಕಂಟ್ರೋಲರ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಫರ್ಮ್‌ವೇರ್ ಬರೆಯುತ್ತೇನೆ. ಹಳೇ ಬೋರ್ಡಿನಲ್ಲಿ ಎಟಿಮೆಗಾ328ಪಿ ಎಂಬ 8 ಬಿಟ್ ಚಿಪ್ ಇತ್ತು, ಈಗ ಎಸ್‌ಟಿಎಂ32 ಎಂಬ 32 ಬಿಟ್ ಚಿಪ್ಪಿಗೆ ಬಂದಿದ್ದೇವೆ. ಅದೇ ಸಿ ಕೋಡನ್ನು ತಂದು ಕಂಪೈಲ್ ಮಾಡಿದಾಗ ಒಂದೂ ಎರರ್ ಬರಲಿಲ್ಲ. ಆದರೆ ರೂಮು -18 ಡಿಗ್ರಿಯಲ್ಲಿದ್ದರೂ ಬೋರ್ಡಿನ ಅಲಾರಂ ಬಡಿದುಕೊಳ್ಳುತ್ತಲೇ ಇರುತ್ತದೆ. ಸದ್ಯಕ್ಕೆ ಆ ಸಾಲನ್ನು ಕಾಮೆಂಟ್ ಮಾಡಿದ್ದೇವೆ. ಬೋರ್ಡು ಒಂದು ಸ್ಟ್ರಕ್ಟನ್ನು (ಹಲವು ಬೆಲೆಗಳ ಕಟ್ಟು) ಆರ್‌ಎಸ್485 ಲೈನಿನಲ್ಲಿ ಹಾಗ್ಹಾಗೇ ಕಳಿಸುತ್ತದೆ: ಚಾರ್ ತಾಪಮಾನ, ಲಾಂಗ್ ಕಂಪ್ರೆಸರ್ ಸೆಕೆಂಡು, ಇಂಟ್ ವೋಲ್ಟೇಜ್, ಚಾರ್ ಬಾಗಿಲು, ಇದೇ ಕ್ರಮದಲ್ಲಿ. ರಾಸ್ಪ್‌ಬೆರಿ ಪೈ ಗೇಟ್‌ವೇಯಲ್ಲಿ (ಅದರ ಪ್ರೋಗ್ರಾಮೂ ಸಿ) ಮೊದಲಿನಿಂದಲೂ ತಾಪಮಾನ 238 ಅಂತ ಬರುತ್ತಿತ್ತು. ಗ್ರಾಫಿನಲ್ಲಿ 256 ಕಳೆದು ಸುಧಾರಿಸಿಕೊಂಡಿದ್ದೆವು. ಕಳೆದ ತಿಂಗಳು ಎಸ್‌ಡಿ ಕಾರ್ಡ್ ಕೆಟ್ಟು, 64 ಬಿಟ್ ಓಎಸ್ ಹಾಕಿದ ಮೇಲೆ ಎಲ್ಲ ಅಯೋಮಯ. ತಾಪಮಾನ ಒಂದು ಸಾಲಿನಲ್ಲಿ 238, ಮುಂದಿನ ಸಾಲಿನಲ್ಲಿ 230. ಕಂಪ್ರೆಸರ್ ಸೆಕೆಂಡು ಒಂದು ಸಾಲಿನಲ್ಲಿ 230, ಮುಂದಿನದರಲ್ಲಿ ಓದಲೂ ಆಗದಷ್ಟು ದೊಡ್ಡ ಸಂಖ್ಯೆ; ಬಾಗಿಲು ತೆಗೆದರೆ ಆ 230 ಇದ್ದಲ್ಲಿ 4294967526. ವಿಂಡೋಸ್ ಲ್ಯಾಪ್‌ಟಾಪಿಗೆ ನೇರ ಜೋಡಿಸಿದರೆ ಮಾತ್ರ ಎಲ್ಲ ಸರಿ. ಹೊಸ ಕೋಡನ್ನು ಸರ್ವೀಸಿಗೆ ಬಂದ ಹಳೇ ಬೋರ್ಡಿಗೆ ಹಾಕಿದರೆ ಇನ್ನೊಂದು ರಗಳೆ: ಡೀಫ್ರಾಸ್ಟ್ ಮುಗಿದ ತಕ್ಷಣ ಮತ್ತೆ ಡೀಫ್ರಾಸ್ಟ್ ಶುರು. ಅಂತರವನ್ನು ಈಚೆಗೆ 8 ಗಂಟೆಯಿಂದ 10 ಗಂಟೆಗೆ ಏರಿಸಿ 10*60*60 ಎಂದು ಬರೆದಿದ್ದೆ. ಸೀನಿಯರ್ ‘ಎಲ್ಲವನ್ನೂ ಲಾಂಗ್ ಲಾಂಗ್ ಮಾಡಿಬಿಡು’ ಎನ್ನುತ್ತಾರೆ. ಓನರ್ ‘ಪೈ ಡೂಪ್ಲಿಕೇಟ್ ಇರಬೇಕು, ಎಸ್.ಪಿ. ರೋಡಿಂದ ಬೇರೆ ತಗೊಂಡು ಬಾ’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ಪೈ ನೆಟ್ಟಗಿದೆ, ಎಸ್.ಪಿ. ರೋಡಿಗೆ ಹೋಗಿ ದುಡ್ಡು ಸುರಿಯಬೇಡಿ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ದೋಷಗಳು ಒಂದೇ ಗಂಟಾಗಿವೆ. ಒಂದು ಚಾರ್‌ನ ಚಿಹ್ನೆಯದು, ಇನ್ನೊಂದು ಸ್ಟ್ರಕ್ಟಿನ ಅಳತೆಯದು, ಮತ್ತೊಂದು ಗುಣಾಕಾರದ್ದು. ಮೂರಕ್ಕೂ ಬೇರು ಒಂದೇ: ಚಾರ್, ಇಂಟ್, ಲಾಂಗ್ ಎಂಬ ಸಿ ಭಾಷೆಯ ಸಂಖ್ಯಾ ವಿಧಗಳ ಅಳತೆ, ಚಿಹ್ನೆ ವೇದಿಕೆಯಿಂದ ವೇದಿಕೆಗೆ ಬದಲಾಗುತ್ತವೆ. ಔಷಧ ಮಾತ್ರ ಬೇರೆ ಬೇರೆ.

ಮೊದಲು ಅಲಾರಂ, ಯಾಕೆಂದರೆ ಅದನ್ನು ಬಾಯಿ ಮುಚ್ಚಿಸಿ ಕೂರಿಸಿದ್ದೀರಿ. ಗಿರಾಕಿಯ ರೂಮಿನಲ್ಲಿ ಸರಕಿದೆ. ಇವತ್ತು ಕಂಪ್ರೆಸರ್ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಬರೀ ‘ಚಾರ್’ ಎಂದು ಬರೆದರೆ ಅದು ಋಣ ಸಂಖ್ಯೆ ಹಿಡಿಯುತ್ತದೋ ಇಲ್ಲವೋ ಎಂಬುದನ್ನು ಸಿ ಭಾಷೆಯ ಸ್ಟ್ಯಾಂಡರ್ಡ್ ಹೇಳಿಲ್ಲ, ಆಯಾ ವೇದಿಕೆಗೆ ಬಿಟ್ಟಿದೆ. ಇಂಟೆಲ್ ಪಿಸಿಯಲ್ಲೂ ಹಳೇ ಎಟಿಮೆಗಾಕ್ಕೆ ನೀವು ಬಳಸುವ ಎವಿಆರ್ ಜಿಸಿಸಿ ಕಂಪೈಲರಿನಲ್ಲೂ ಚಾರ್‌ಗೆ ಚಿಹ್ನೆ ಇದೆ, ಅಂದರೆ -128ರಿಂದ 127. ಎಸ್‌ಟಿಎಂ32ರೊಳಗಿರುವ ಆರ್ಮ್ ಪ್ರೊಸೆಸರಿನ ನಿಯಮಾವಳಿಯಲ್ಲಿ ಚಿಹ್ನೆ ಇಲ್ಲ, 0ಯಿಂದ 255. ಮೊದಮೊದಲ ಆರ್ಮ್ ಚಿಪ್‌ಗಳಲ್ಲಿ ಒಂದು ಬೈಟನ್ನು ಚಿಹ್ನೆ ಸಮೇತ ಓದುವ ಇನ್‌ಸ್ಟ್ರಕ್ಷನ್ನೇ ಇರಲಿಲ್ಲ. ಆ ಕಾಲದ ರೂಢಿ ಇಂದಿಗೂ ಉಳಿದುಕೊಂಡಿದೆ. -18ಕ್ಕೂ 238ಕ್ಕೂ ಬೈಟ್ ಒಂದೇ, ಓದುವ ರೀತಿ ಬೇರೆ. ನಿಮ್ಮ ಅಲಾರಂ ಷರತ್ತು ‘-10ಕ್ಕಿಂತ ಬಿಸಿಯಾದರೆ ಬಾರಿಸು’ ಎನ್ನುವಂಥದ್ದೇ ಇರಬೇಕು. ಚಿಹ್ನೆಯಿಲ್ಲದ ಚಾರ್ ಯಾವತ್ತೂ -10ಕ್ಕಿಂತ ದೊಡ್ಡದೇ, ಹಾಗಾಗಿ ಬಡಿದುಕೊಳ್ಳುತ್ತಲೇ ಇರುತ್ತದೆ. ಚಾರ್ ತೆಗೆದು, ಎಲ್ಲ ಕಡೆ ಚಿಹ್ನೆಯುಳ್ಳ 8 ಬಿಟ್ ಆಗಿರುವ ಇಂಟ್8_ಟಿ ಎಂದು ಹಾಕಿ, ಅಲಾರಂ ಸಾಲನ್ನು ಇವತ್ತೇ ವಾಪಸ್ ಜೀವಂತ ಮಾಡಿ. ‘-ಎಫ್‌ಸೈನ್ಡ್-ಚಾರ್’ ಎಂಬ ಕಂಪೈಲರ್ ಆಯ್ಕೆಯಿಂದಲೂ ಕೆಲಸ ಆಗುತ್ತದೆ. ಆದರೆ ಅದು ಕೋಡಿನೊಳಗೆ ಇರುವುದಿಲ್ಲ, ಹೇಗೆ ಕಂಪೈಲ್ ಮಾಡಬೇಕೆಂದು ಹೇಳುವ ಮೇಕ್‌ಫೈಲಿನಲ್ಲಿ ಇರುತ್ತದೆ. ನಾಳೆ ಇನ್ನೊಬ್ಬ ಹುಡುಗ ಹೊಸ ಪ್ರಾಜೆಕ್ಟ್ ತೆರೆದು ಅದೇ ಫೈಲನ್ನು ಎಳೆದುಕೊಂಡರೆ ಕಥೆ ಮತ್ತೆ ಮೊದಲಿಂದ.

ಪೈನಲ್ಲೂ ಆರ್ಮ್ ಪ್ರೊಸೆಸರೇ ಇರುವುದು, ಆದ್ದರಿಂದ ಅಲ್ಲೂ 238. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಚಾರ್‌ಗೆ ಚಿಹ್ನೆ ಇರುವುದರಿಂದ -18. ಗ್ರಾಫಿನಲ್ಲಿ 256 ಕಳೆಯುವ ಉಪಾಯವನ್ನೂ ಇದೇ ಕೈಯಲ್ಲಿ ತೆಗೆಯಿರಿ. ಡೀಫ್ರಾಸ್ಟ್ ವೇಳೆ ಸೆನ್ಸರ್ +3 ತೋರಿಸಿದ ಕ್ಷಣ ಗ್ರಾಫು -253ಕ್ಕೆ ಧುಮುಕುತ್ತದೆ.

ಇನ್ನು ಪೈನ ಲಾಗು. ನಿಮ್ಮ ನಾಲ್ಕು ಸದಸ್ಯರ ಸ್ಟ್ರಕ್ಟನ್ನು ನಾಲ್ಕು ಕಡೆ ಅಳೆದು ನೋಡಿ. ಎಟಿಮೆಗಾದಲ್ಲಿ ಲಾಂಗ್ 4 ಬೈಟ್, ಇಂಟ್ 2 ಬೈಟ್, ನಡುವೆ ಖಾಲಿ ಜಾಗ ಬಿಡುವ ಪದ್ಧತಿ ಇಲ್ಲ. ಒಟ್ಟು 1+4+2+1, ಅಂದರೆ 8. ಎಸ್‌ಟಿಎಂ32ರಲ್ಲಿ ಇಂಟ್ ಕೂಡ 4 ಬೈಟ್, ಜತೆಗೆ 4 ಬೈಟಿನ ಸದಸ್ಯ 4ರ ಗುಣಕದ ವಿಳಾಸದಲ್ಲೇ ಕೂರಬೇಕು. ಹಾಗಾಗಿ ತಾಪಮಾನದ ನಂತರ 3 ಬೈಟ್ ಪ್ಯಾಡಿಂಗ್ (ಖಾಲಿ ಜಾಗ), ಬಾಗಿಲಿನ ನಂತರ ಇನ್ನೂ 3, ಒಟ್ಟು 16. 32 ಬಿಟ್ ಓಎಸ್ ಇದ್ದ ಪೈನಲ್ಲೂ ಇದೇ 16. ಅದೇ ಪೈಗೆ 64 ಬಿಟ್ ಲಿನಕ್ಸ್ ಬಂದೊಡನೆ ಲಾಂಗ್ 8 ಬೈಟ್ ಆಯಿತು, ಅದಕ್ಕೆ 8ರ ಗುಣಕದ ವಿಳಾಸವೇ ಬೇಕು, ಒಟ್ಟು 24. 64 ಬಿಟ್ ವಿಂಡೋಸ್‌ನಲ್ಲಿ ಲಾಂಗ್ ಇವತ್ತಿಗೂ 4 ಬೈಟೇ, ಒಟ್ಟು 16. ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕಾಣಲು ಕಾರಣ ಇಷ್ಟೇ, ಬೋರ್ಡಿನ 16ಕ್ಕೆ ಅದರ 16 ಹೊಂದಿಬಿಟ್ಟಿತು. ಅದೃಷ್ಟ.

ಈಗ ನಿಮ್ಮ ಲಾಗ್ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಬೋರ್ಡು 16 ಬೈಟಿನಂತೆ ಕಳಿಸುತ್ತಿದೆ, ಪೈ 24 ಬೈಟಿನಂತೆ ಕತ್ತರಿಸುತ್ತಿದೆ. ಮೂರು ಪ್ಯಾಕೆಟ್ ಬಂದರೆ ಅದಕ್ಕೆ ಎರಡು ಸಾಲು. ಮೊದಲ ಸಾಲಿನ ತಾಪಮಾನ ಸರಿಯಾದ ಜಾಗದಿಂದಲೇ ಬಂದ ಬೈಟ್, 238. ಆದರೆ ಸೆಕೆಂಡು ಇರಬೇಕೆಂದು ಪೈ ತಿಳಿದ ಜಾಗದಲ್ಲಿ ಬೋರ್ಡು ಇಟ್ಟಿರುವುದು ವೋಲ್ಟೇಜ್ ಮತ್ತು ಬಾಗಿಲು. ಬಾಗಿಲು ಮುಚ್ಚಿದ್ದರೆ ವೋಲ್ಟೇಜ್ ಮಾತ್ರ ಕಾಣುತ್ತದೆ, 230. ತೆಗೆದಿದ್ದರೆ ಬಾಗಿಲಿನ 1 ಮೇಲಿನ 32 ಬಿಟ್‌ಗಳಿಗೆ ಹತ್ತಿ ಕೂರುತ್ತದೆ, 4294967296 ಕೂಡಿಸು 230, ನೀವು ಬರೆದ 4294967526. ನಿಮ್ಮ ಸ್ಟ್ರಕ್ಟ್ ಗ್ಲೋಬಲ್ (ಫಂಕ್ಷನ್ನಿನ ಹೊರಗೆ ಬರೆದದ್ದು, ಸೊನ್ನೆಯಿಂದ ಶುರುವಾಗುವಂಥದ್ದು) ಆಗಿರಬೇಕು, ಪ್ಯಾಡಿಂಗ್ ಸೊನ್ನೆಯಾಗಿರುವುದರಿಂದಲೇ ಲೆಕ್ಕ ಇಷ್ಟು ಚೊಕ್ಕವಾಗಿ ಕೂಡುತ್ತಿದೆ. ಎರಡನೇ ಸಾಲು ಎರಡನೇ ಪ್ಯಾಕೆಟ್ಟಿನ ನಟ್ಟನಡುವೆ ಶುರುವಾಗುತ್ತದೆ; ಅಲ್ಲಿ ‘ತಾಪಮಾನ’ ಎಂದು ಬಂದ 230 ತಾಪಮಾನವೇ ಅಲ್ಲ, ಬೆಸ್ಕಾಂ ಲೈನಿನ ವೋಲ್ಟೇಜು. ಲಾಗಿನಲ್ಲಿ ವೋಲ್ಟೇಜ್ ಕಾಲಮ್ಮನ್ನು ಒಮ್ಮೆ ನೋಡಿ: ಸಾಲು ಬಿಟ್ಟು ಸಾಲು 238 ಇರುತ್ತದೆ. ಅದು ನಿಮ್ಮ -18 ಡಿಗ್ರಿ. ನಮ್ಮ ಊರಿನಲ್ಲಿ 238 ವೋಲ್ಟ್ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ, ಹಾಗಾಗಿ ನೀವೂ ಅದನ್ನು ಬರೆದಿಲ್ಲ. ಇಂಥ ದೋಷಗಳಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ದೊಡ್ಡ ಕಸದ ಸಂಖ್ಯೆಗಳಲ್ಲ, ಹೀಗೆ ನಂಬಬಹುದಾದಂತೆ ಕಾಣುವ ಸಂಖ್ಯೆಗಳು.

ಹಾಗಾದರೆ ಇಂಟ್ ಎಷ್ಟು ಬೈಟ್ ಎಂದು ತೀರ್ಮಾನಿಸುವವರು ಯಾರು? ಪ್ರೊಸೆಸರ್ ಎಂದು ಅನೇಕರು ತಿಳಿದಿದ್ದಾರೆ, ಇಂಟರ್‌ವ್ಯೂಗಳಲ್ಲೂ ಇದೇ ಉತ್ತರ ಕೇಳಿದ್ದೇನೆ. ಹಾಗಿದ್ದರೆ 8 ಬಿಟ್ ಎಟಿಮೆಗಾದಲ್ಲಿ ಇಂಟ್ 8 ಬಿಟ್ ಇರಬೇಕಿತ್ತು, ಅಲ್ಲಿರುವುದು 16. 64 ಬಿಟ್ ಪಿಸಿಯಲ್ಲಿ 64 ಇರಬೇಕಿತ್ತು, ಇರುವುದು 32. ಒಂದೇ ಇಂಟೆಲ್ ಚಿಪ್ಪಿನ ಮೇಲೆ ಲಿನಕ್ಸ್ ಹಾಕಿದರೆ ಲಾಂಗ್ 8 ಬೈಟ್, ವಿಂಡೋಸ್ ಹಾಕಿದರೆ 4. ತೀರ್ಮಾನ ಕಂಪೈಲರ್ ಮತ್ತು ಓಎಸ್ ಮಾಡಿಕೊಂಡ ಒಪ್ಪಂದದ್ದು. ಸಿ ಸ್ಟ್ಯಾಂಡರ್ಡ್ ಕನಿಷ್ಠ ಮಿತಿಯನ್ನಷ್ಟೇ ಹೇಳುತ್ತದೆ: ಇಂಟ್ 16 ಬಿಟ್‌ಗಿಂತ, ಲಾಂಗ್ 32ಕ್ಕಿಂತ, ಲಾಂಗ್ ಲಾಂಗ್ 64ಕ್ಕಿಂತ ಕಡಿಮೆ ಇರಬಾರದು, ಅಷ್ಟೇ. ಯುನಿಕ್ಸ್ ಪಾಳೆಯ 64 ಬಿಟ್‌ಗೆ ಹೊರಟಾಗ ಲಾಂಗನ್ನೂ ಪಾಯಿಂಟರನ್ನೂ ಒಟ್ಟಿಗೆ ಹಿಗ್ಗಿಸಿತು. ಮೈಕ್ರೋಸಾಫ್ಟ್ ಪಾಯಿಂಟರನ್ನು ಮಾತ್ರ ಹಿಗ್ಗಿಸಿ ಲಾಂಗನ್ನು 32ರಲ್ಲೇ ಉಳಿಸಿತು, ಹಳೇ ಕೋಡ್ ಮುರಿಯಬಾರದೆಂದು. ಎರಡಕ್ಕೂ ಅದರದೇ ನ್ಯಾಯ ಇದೆ. ನಮ್ಮ ಹಿರಿಯರ ಕಾಲದಲ್ಲಿ ಸೇರು ಎಂದರೆ ಊರಿಗೊಂದು ಅಳತೆ ಇತ್ತಲ್ಲ, ಇಂಟ್ ಮತ್ತು ಲಾಂಗ್ ಹಾಗೆ. ಸ್ವಂತ ಅಡುಗೆಮನೆಯಲ್ಲಿ ಅಳೆಯುವಾಗ ತೊಂದರೆಯಿಲ್ಲ, ಬೇರೆ ಊರಿಗೆ ಮಾರುವಾಗ ಜಗಳ.

ನನ್ನ ಸಲಹೆಯ ತಿರುಳೂ ಅದೇ. ಪ್ರೋಗ್ರಾಮಿನ ಒಳಗೆ ಲೂಪ್ ಎಣಿಸಲು ಇಂಟ್ ಇದ್ದರೆ ಇರಲಿ, ಹುಡುಕಿ ಹುಡುಕಿ ಬದಲಿಸಬೇಡಿ. ಸಂಖ್ಯೆ ನಿಮ್ಮ ಪ್ರೋಗ್ರಾಮಿನ ಹೊಸ್ತಿಲು ದಾಟುವ ಕಡೆ, ಅಂದರೆ ವೈರಿನ ಮೇಲೆ, ಫೈಲಿಗೆ, ಈಪ್ರಾಮ್‌ಗೆ (ಕರೆಂಟ್ ಹೋದರೂ ಉಳಿಯುವ ಮೆಮೊರಿ), ಅಲ್ಲಿ ಮಾತ್ರ ಎಷ್ಟು ಬೈಟ್, ಯಾವ ಕ್ರಮ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟು ಅದರಂತೆ ಮಾಡಿ. ಸ್ಟ್ರಕ್ಟನ್ನು ಮೆಮೊರಿಯಲ್ಲಿ ಇದ್ದಂತೆ ಎತ್ತಿ ಕಳಿಸುವುದನ್ನು ನಿಲ್ಲಿಸಿ.

ದಾರಿಗಳು ಹಲವು. ಸುಲಭದ್ದು, 1999ರ ಸಿ ಸ್ಟ್ಯಾಂಡರ್ಡಿನೊಂದಿಗೆ ಬಂದ ಎಸ್‌ಟಿಡಿಇಂಟ್ ಹೆಡರಿನ ನಿಗದಿತ ಅಗಲದ ವಿಧಗಳು: ಇಂಟ್8_ಟಿ, ಇಂಟ್16_ಟಿ, ಇಂಟ್32_ಟಿ. ಇವುಗಳಿಂದ ಅಗಲದ ಸಮಸ್ಯೆ ಹೋಗುತ್ತದೆ, ಪ್ಯಾಡಿಂಗ್ ಹೋಗುವುದಿಲ್ಲ. ನಿಮ್ಮ ಈಗಿನ ಕ್ರಮದಲ್ಲೇ ವಿಧ ಮಾತ್ರ ಬದಲಿಸಿದರೆ ಎಸ್‌ಟಿಎಂ32, ಪೈ, ವಿಂಡೋಸ್ ಮೂರರಲ್ಲೂ 12 ಬೈಟ್ ಬರುತ್ತದೆ. ‘ಅಬ್ಬ, ಸರಿಹೋಯಿತು’ ಎಂದು ನೀವು ಕೈತೊಳೆದುಕೊಂಡಿರುತ್ತೀರಿ, ಅಷ್ಟರಲ್ಲಿ ಹಳೇ ಎಟಿಮೆಗಾ 8 ಬೈಟ್ ಕಳಿಸುತ್ತದೆ. ದೊಡ್ಡ ಸದಸ್ಯರನ್ನು ಮೊದಲಿಟ್ಟು 32, 16, 8, 8 ಎಂದು ಜೋಡಿಸಿದರೆ ನಾಲ್ಕೂ ಕಡೆ 8 ಬರುತ್ತದೆ. ಯಾರೋ ಮಧ್ಯೆ ಒಂದು ಸದಸ್ಯ ಸೇರಿಸುವವರೆಗೆ.

ಎರಡನೆಯದು ‘ಪ್ಯಾಕ್ಡ್’ ಎಂದು ಗುರುತು ಹಾಕಿ ಪ್ಯಾಡಿಂಗನ್ನೇ ಬೇಡವೆನ್ನುವುದು. ಬಹಳ ಕಂಪನಿಗಳಲ್ಲಿ ಇದೇ ನಡೆಯುತ್ತದೆ, ಕೆಲಸವೂ ಮಾಡುತ್ತದೆ. ಅಪಾಯ ಇರುವುದು ಅದರ ಸದಸ್ಯನ ವಿಳಾಸ ತೆಗೆದು ಇನ್ನೊಂದು ಫಂಕ್ಷನ್ನಿಗೆ ಪಾಯಿಂಟರಾಗಿ ಕೊಟ್ಟಾಗ. ಆ ಪಾಯಿಂಟರು 4ರ ಗುಣಕದಲ್ಲಿ ಇರುವುದಿಲ್ಲ. ಎಸ್‌ಟಿಎಂ32ಗಳೊಳಗೆ ಬರುವ ಆರ್ಮ್ ಪ್ರೊಸೆಸರುಗಳಲ್ಲಿ ಕಾರ್ಟೆಕ್ಸ್-ಎಂ4 ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಕಾರ್ಟೆಕ್ಸ್-ಎಂ0 ನೇರ ಹಾರ್ಡ್ ಫಾಲ್ಟ್‌ಗೆ ಹೋಗುತ್ತದೆ, ಅಂದರೆ ಪ್ರೋಗ್ರಾಮು ಅಲ್ಲೇ ಕುಸಿಯುತ್ತದೆ. ಖರ್ಚು ಉಳಿಸಲು ಮುಂದಿನ ಮಾಡೆಲ್ಲಿಗೆ ಓನರ್ ಅಗ್ಗದ ಚಿಪ್ ಆರಿಸಿದರೆ ಅದು ಎಂ0 ಆಗಿರುವ ಸಾಧ್ಯತೆ ಹೆಚ್ಚು, ನೆನಪಿರಲಿ.

ನಾನು ಹೇಳುವುದು ಮೂರನೆಯದು: ಬೈಟ್ ಬೈಟಾಗಿ ಬರೆದು, ಬೈಟ್ ಬೈಟಾಗಿ ಓದಿ. ಸೆಕೆಂಡಿನ ಕೆಳಗಿನ 8 ಬಿಟ್ ಮೊದಲ ಬೈಟಿಗೆ, 8 ಬಿಟ್ ಬಲಕ್ಕೆ ಸರಿಸಿ ಮುಂದಿನದಕ್ಕೆ, ಹೀಗೆ ನಾಲ್ಕು. ಪ್ಯಾಡಿಂಗ್ ಇಲ್ಲ, ಬೈಟ್ ಕ್ರಮದ ಗೊಂದಲವೂ ಇಲ್ಲ, ಯಾವ ಪ್ರೊಸೆಸರ್ ಬಂದರೂ ಅದೇ ಕೋಡ್. ಓದುವ ಕಡೆ ಮಾತ್ರ ಒಂದು ಹೊಂಡ ಇದೆ, ಅನುಭವಸ್ಥರೂ ಬೀಳುತ್ತಾರೆ. ನಾಲ್ಕನೇ ಬೈಟನ್ನು ಹಾಗೇ 24 ಬಿಟ್ ಎಡಕ್ಕೆ ಸರಿಸಿದರೆ, ಲೆಕ್ಕಕ್ಕೆ ಮೊದಲು ಆ ಬೈಟ್ ಇಂಟ್ ಆಗಿ ಬದಲಾಗುತ್ತದೆ. ಎಟಿಮೆಗಾದಲ್ಲಿ ಇಂಟ್ 16 ಬಿಟ್ಟಿನದು, ಅದರಲ್ಲಿ 24 ಸರಿಸುವುದಕ್ಕೆ ಅರ್ಥವೇ ಇಲ್ಲ. 32 ಬಿಟ್ಟಿನಲ್ಲೂ ಬೈಟ್ 127 ದಾಟಿದ್ದರೆ ಚಿಹ್ನೆಯ ಬಿಟ್‌ಗೆ ಹೋಗಿ ತಗಲುತ್ತದೆ. ಮೊದಲು ಚಿಹ್ನೆಯಿಲ್ಲದ 32 ಬಿಟ್ ವಿಧವಾದ ಯುಇಂಟ್32_ಟಿಗೆ ಕ್ಯಾಸ್ಟ್ ಮಾಡಿ (ವಿಧ ಬದಲಿಸಿ), ಆಮೇಲೆ ಸರಿಸಿ.

ನಾಲ್ಕನೆಯದು ಬರೀ ಅಕ್ಷರಗಳಲ್ಲಿ ಕಳಿಸುವುದು. ‘ಟಿ=-18’ ಎಂಬ ಧಾಟಿಯಲ್ಲಿ ನಾಲ್ಕೂ ಅಂಕಿ ಬರೆದರೆ ಸುಮಾರು 26 ಅಕ್ಷರ ಆಗುತ್ತದೆ, 9600 ಬಾಡ್‌ನಲ್ಲಿ 27 ಮಿಲಿಸೆಕೆಂಡು. ಸೆಕೆಂಡಿಗೊಂದು ರೀಡಿಂಗ್ ಕಳಿಸುವ ಒಂಟಿ ಬೋರ್ಡಿಗೆ ಇದು ಏನೂ ಅಲ್ಲ, ಟರ್ಮಿನಲ್ಲಿನಲ್ಲಿ ಕಣ್ಣಿಗೆ ಕಾಣುತ್ತದೆ. ಒಂದೇ ಲೈನಿನಲ್ಲಿ ಹತ್ತಾರು ಬೋರ್ಡ್ ಇದ್ದರೆ ಬಿಗಿಯಾಗುತ್ತದೆ. ಗಿರಾಕಿಗಳು ಸ್ಕಾಡಾಕ್ಕೆ (ಕಾರ್ಖಾನೆಯ ಮೇಲ್ವಿಚಾರಣಾ ವ್ಯವಸ್ಥೆ) ಜೋಡಿಸಿಕೊಡಿ ಎಂದು ಕೇಳುವವರಾದರೆ, ಯಂತ್ರಗಳು ಮಾತಾಡಿಕೊಳ್ಳುವ ಸಿದ್ಧ ನಿಯಮವಾದ ಮಾಡ್‌ಬಸ್‌ಗೇ ನೇರ ಹೋಗಿ. ಅಲ್ಲಿನ ರಿಜಿಸ್ಟರ್ 16 ಬಿಟ್. 32 ಬಿಟ್ ಸಂಖ್ಯೆ ಎರಡು ರಿಜಿಸ್ಟರಿಗೆ ಹರಡುತ್ತದೆ, ಯಾವುದು ಮೊದಲು ಎನ್ನುವುದು ತಯಾರಕರಿಂದ ತಯಾರಕರಿಗೆ ಬದಲು. ಮ್ಯಾನ್ಯುಯಲ್ಲಿನಲ್ಲಿ ಒಂದು ಉದಾಹರಣೆ ಸಂಖ್ಯೆ ಸಮೇತ ಬರೆದುಕೊಡಿ, ಇಲ್ಲದಿದ್ದರೆ ಕಮಿಷನಿಂಗ್ ದಿನ ನಿಮ್ಮ ಫೋನ್ ಬಿಡುವು ಕೊಡುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ 12 ಬೈಟಿನ ಪ್ಯಾಕೆಟ್ ಮಾಡುತ್ತಿದ್ದೆ: ಮೊದಲು ಆವೃತ್ತಿ ಸಂಖ್ಯೆಗೆ 1, ತಾಪಮಾನಕ್ಕೆ 2, ಸೆಕೆಂಡಿಗೆ 4, ವೋಲ್ಟೇಜಿಗೆ 2, ಬಾಗಿಲಿಗೆ 1, ಕೊನೆಗೆ ಸಿಆರ್‌ಸಿಗೆ (ಬೈಟುಗಳು ಸರಿಯಾಗಿ ಬಂದಿವೆಯೇ ಎಂದು ತಾಳೆ ನೋಡುವ ಸಂಖ್ಯೆ) 2. ತಾಪಮಾನಕ್ಕೆ 2 ಬೈಟ್ ಏಕೆಂದರೆ ಇವತ್ತಲ್ಲ ನಾಳೆ ಯಾರಾದರೂ ದಶಮಾಂಶ ಕೇಳುತ್ತಾರೆ. -18.5 ಡಿಗ್ರಿಯನ್ನು -185 ಎಂದು ಕಳಿಸಲು ಒಂದು ಬೈಟ್ ಸಾಲದು. ಆವೃತ್ತಿ ಸಂಖ್ಯೆ ಇದ್ದರೆ ಬೋರ್ಡುಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡುತ್ತಾ ಹೋದರೂ ಗೇಟ್‌ವೇ ಯಾವುದು ಯಾವ ಕಾಲದ್ದು ಎಂದು ಗುರುತು ಹಿಡಿಯುತ್ತದೆ. ಸಿಆರ್‌ಸಿ ಮೊದಲೇ ಇದ್ದಿದ್ದರೆ ಈ 238-230 ಪುರಾಣ ಮೊದಲ ಪ್ಯಾಕೆಟ್ಟಿನಲ್ಲೇ ಸಿಕ್ಕಿಬೀಳುತ್ತಿತ್ತು. ಇದೆಲ್ಲ ಆಗುವವರೆಗೆ ಪೈಗೆ 32 ಬಿಟ್ ಓಎಸ್ ವಾಪಸ್ ಹಾಕಿಕೊಂಡರೆ ತಪ್ಪೇನಿಲ್ಲ, ಅದು ತಾತ್ಕಾಲಿಕ ಎಂದು ಓನರಿಗೂ ಗೊತ್ತಿದ್ದರೆ ಸಾಕು.

ಡೀಫ್ರಾಸ್ಟ್ ವಿಷಯ. 8*60*60 ಅಂದರೆ 28800. 16 ಬಿಟ್ ಇಂಟ್‌ನ ಗರಿಷ್ಠ 32767, ಹಿಡಿಸಿತು. 10*60*60 ಅಂದರೆ 36000, ಹಿಡಿಸಲಿಲ್ಲ. ಎಟಿಮೆಗಾದಲ್ಲಿ ಅದು -29536 ಆಗಿ ಕೂತಿದೆ. ‘ಕಳೆದ ಸೆಕೆಂಡು -29536ಕ್ಕಿಂತ ಹೆಚ್ಚಾಯಿತೇ’ ಎಂದು ಕೇಳಿದರೆ ಉತ್ತರ ಯಾವಾಗಲೂ ಹೌದು. ‘ಉತ್ತರವನ್ನು ಲಾಂಗ್‌ನಲ್ಲೇ ತಾನೇ ಇಟ್ಟಿದ್ದೇನೆ’ ಎಂದು ನೀವು ಕೇಳಬಹುದು. ಎಡಗಡೆ ಏನಿದೆ ಎಂದು ಸಿ ನೋಡುವುದಿಲ್ಲ. ಗುಣಿಸುವ ಮೂರೂ ಸಂಖ್ಯೆ ಇಂಟ್, ಗುಣಲಬ್ಧವೂ ಇಂಟ್, ಕೆಟ್ಟ ಮೇಲೆ ಲಾಂಗ್‌ಗೆ ಹಾಕಿದರೆ ಕೆಟ್ಟದ್ದೇ ಹೋಗುತ್ತದೆ. 10ರ ಪಕ್ಕ ಎಲ್ ಸೇರಿಸಿ, ಗುಣಾಕಾರ ಲಾಂಗ್‌ನಲ್ಲೇ ನಡೆಯುತ್ತದೆ, ಅಷ್ಟೇ ಔಷಧ. ಕಂಪೈಲರ್ ಇದಕ್ಕೆ ವಾರ್ನಿಂಗ್ ಕೊಟ್ಟೇ ಇರುತ್ತದೆ, ನೂರು ವಾರ್ನಿಂಗ್‌ಗಳ ನಡುವೆ ಕಂಡಿರುವುದಿಲ್ಲ.

ಸೀನಿಯರ್ ಮಾತಿಗೆ ಬರೋಣ. ಲಾಂಗ್ ಲಾಂಗ್ ಮಾಡಿದರೆ ಅಗಲ ಎಲ್ಲ ಕಡೆ 8 ಬೈಟ್ ಆಗುವುದು ನಿಜ, ಅವರ ತರ್ಕ ಪೂರ್ತಿ ಸುಳ್ಳಲ್ಲ. ಆದರೆ ಎಟಿಮೆಗಾ328ಪಿಯಲ್ಲಿ ಇರುವ ರ‍್ಯಾಮ್ 2 ಕೆಬಿ, ಅಲ್ಲಿ 64 ಬಿಟ್ ಗುಣಾಕಾರ ಭಾಗಾಕಾರ ಎಂದರೆ ಉದ್ದದ ಲೈಬ್ರರಿ ಕರೆಗಳು. ಅಗತ್ಯವೂ ಇಲ್ಲ: ಚಿಹ್ನೆಯುಳ್ಳ 32 ಬಿಟ್ ಸಂಖ್ಯೆಯಲ್ಲಿ 68 ವರ್ಷದ ಸೆಕೆಂಡುಗಳು ಹಿಡಿಸುತ್ತವೆ, ಅಷ್ಟು ಕಾಲ ಬಾಳುವ ಕಂಪ್ರೆಸರ್ ನಾನು ನೋಡಿಲ್ಲ. ದೊಡ್ಡ ಅಪಾಯ ಬೇರೆ. ಎಸ್‌ಟಿಎಂ32ರಂಥ 32 ಬಿಟ್ ಚಿಪ್ಪಿನಲ್ಲಿ 64 ಬಿಟ್ ಸಂಖ್ಯೆಯನ್ನು ಎರಡು ತುಂಡಾಗಿ ಓದಬೇಕಾಗುತ್ತದೆ. ಒಂದು ತುಂಡು ಓದಿ ಇನ್ನೊಂದು ಓದುವ ಮುಂಚೆ ಟೈಮರ್ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ನಡುವೆ ನುಗ್ಗುವ ಕೋಡ್) ಬಂದು ಬೆಲೆ ಬದಲಿಸಿದರೆ, ಅರ್ಧ ಹಳೆಯದು ಅರ್ಧ ಹೊಸದು ಸೇರಿದ ಸಂಖ್ಯೆ ಕೈಗೆ ಬರುತ್ತದೆ. ವರ್ಷಕ್ಕೊಮ್ಮೆ ಬರುವ ದೋಷ, ಮೇಜಿನ ಮೇಲೆ ಎಂದೂ ಸಿಗುವುದಿಲ್ಲ. ಹಾಗೆಂದು ಎಟಿಮೆಗಾ ಬಚಾವ್ ಅಲ್ಲ: ಅದು 8 ಬಿಟ್ ಚಿಪ್, ಇಂಟರಪ್ಟಿನಲ್ಲಿ ಬದಲಾಗುವ 16 ಬಿಟ್ ಇಂಟ್‌ಗೂ ಅಲ್ಲಿ ಇದೇ ಗತಿ. ಓದುವ ಆ ಕ್ಷಣ ಇಂಟರಪ್ಟ್ ನಿಲ್ಲಿಸಿ, ಪ್ರತಿ ತೆಗೆದುಕೊಂಡು, ಮತ್ತೆ ಬಿಡಿ.

ಪೈ ಪ್ರೋಗ್ರಾಮನ್ನು ಪೈಥಾನ್‌ಗೆ ಬದಲಿಸಿದರೆ ತಪ್ಪಿಸಿಕೊಳ್ಳಬಹುದೇ ಎಂದರೆ, ಅರ್ಧ ಮಾತ್ರ. ಪೈಥಾನ್‌ನ ಪೂರ್ಣಾಂಕಕ್ಕೆ ಮಿತಿಯಿಲ್ಲ, ನಿಜ. ಆದರೆ ಬೈಟ್ ಬಿಡಿಸುವ ಅದರ ಸ್ಟ್ರಕ್ಟ್ ಮಾಡ್ಯೂಲ್‌ನಲ್ಲಿ ಮೊದಲಿಗೆ ಬೈಟ್ ಕ್ರಮದ ಚಿಹ್ನೆ ಹಾಕದಿದ್ದರೆ ಅದು ಆ ಯಂತ್ರದ ಸ್ವಂತ ಅಳತೆಯನ್ನೇ ಬಳಸುತ್ತದೆ. ಲಾಂಗ್ ಮತ್ತೆ 64 ಬಿಟ್ ಲಿನಕ್ಸ್‌ನಲ್ಲಿ 8, ವಿಂಡೋಸ್‌ನಲ್ಲಿ 4. ಪೈಥಾನಿನ ಲೆಕ್ಕದ ಲೈಬ್ರರಿಯಾದ ನಂಪೈನಲ್ಲೂ ವಿಂಡೋಸ್‌ನ ಡೀಫಾಲ್ಟ್ ಪೂರ್ಣಾಂಕ 32 ಬಿಟ್ ಇತ್ತು, 2024ರ 2.0 ಆವೃತ್ತಿಯಲ್ಲಷ್ಟೇ 64 ಆಯಿತು.

ಮುಂದೆ ಪ್ಯಾಕೆಟ್ಟಿಗೆ ದಿನಾಂಕ ಸೇರಿಸುವ ಯೋಚನೆ ಇದ್ದರೆ, ಚಿಹ್ನೆಯುಳ್ಳ 32 ಬಿಟ್ ಯುನಿಕ್ಸ್ ಸಮಯ (1970ರಿಂದ ಎಣಿಸಿದ ಸೆಕೆಂಡುಗಳು) 2038ರ ಜನವರಿ 19ರಂದು ನಮ್ಮ ಬೆಳಗಿನ 8:44:07ಕ್ಕೆ ಮುಗಿಯುತ್ತದೆ. ನೀವು ಇವತ್ತು ಮಾರುವ ಪ್ಯಾನಲ್ ಆಗಲೂ ಓಡುತ್ತಿರಬಹುದು. ಇನ್ನೊಂದು ಕಿರಿಕಿರಿ: ಎಟಿಮೆಗಾದ ಸಿ ಲೈಬ್ರರಿಯಾದ ಎವಿಆರ್ ಲಿಬ್‌ಸಿ ಸಮಯವನ್ನು 1970ರಿಂದಲ್ಲ, 2000ದಿಂದ ಎಣಿಸುತ್ತದೆ. ಎರಡರ ನಡುವಿನ ಅಂತರ 946684800 ಸೆಕೆಂಡು, ಎಲ್ಲಿ ಕೂಡಿಸುತ್ತೀರೆಂದು ಒಂದೇ ಕಡೆ ಬರೆದಿಡಿ.

ಕೊನೆಯದಾಗಿ ಪರೀಕ್ಷೆ. ಮೂರೂ ಕಂಪೈಲರಿನಲ್ಲಿ ವಾರ್ನಿಂಗ್ ಪೂರ್ತಿ ತೆರೆಯಿರಿ, ಡಬ್ಲ್ಯೂಕನ್ವರ್ಷನ್ (ವಿಧ ಬದಲಾಗಿ ಬೆಲೆ ಕೆಡಬಹುದಾದ ಕಡೆ ಎಚ್ಚರಿಸುವ ಆಯ್ಕೆ) ಸಮೇತ. ಮೊದಲ ದಿನ ಗದ್ದಲವೋ ಗದ್ದಲ. ಪ್ಯಾಕೆಟ್ ಫೈಲಿನ ಮಟ್ಟಿಗೆ ಮೊದಲು ಸರಿಪಡಿಸಿ, ಉಳಿದದ್ದು ನಿಧಾನಕ್ಕೆ. ಎಲ್ಲಾದರೂ ಸ್ಟ್ರಕ್ಟಿನ ಅಳತೆಯನ್ನು ನಂಬಿಕೊಂಡಿದ್ದರೆ ಅಲ್ಲೇ ಒಂದು ಸ್ಟ್ಯಾಟಿಕ್ ಅಸರ್ಟ್ ಹಾಕಿ, ಅಳತೆ ಬದಲಾದರೆ ಕಂಪೈಲೇ ಆಗಬಾರದು. ಆಮೇಲೆ ಎರಡೂ ಬೋರ್ಡಿನಿಂದ ಪೈಗೂ ಲ್ಯಾಪ್‌ಟಾಪಿಗೂ ಈ ಬೆಲೆಗಳನ್ನು ಬೇಕೆಂದೇ ಕಳಿಸಿ ನೋಡಿ: ತಾಪಮಾನಕ್ಕೆ -185, -1, 0, 127, 128, 255, 256; ಸೆಕೆಂಡಿಗೆ 32767, 32768, 65535, 65536, 2147483647. ಕೊನೆಗೆ ನಾಲ್ಕೂ ಬೈಟ್ ಬೇರೆ ಬೇರೆ ಇರುವ 16909060 ಎಂಬ ಸಂಖ್ಯೆ. ಅದರ ಬೈಟುಗಳು ಮೇಲಿನಿಂದ ಕೆಳಕ್ಕೆ 1, 2, 3, 4; ಕೆಳಗಿನ ಬೈಟ್ ಮೊದಲು ಕಳಿಸುವುದರಿಂದ ಲೈನಿನಲ್ಲಿ 4, 3, 2, 1 ಎಂದು ಬರಬೇಕು. ಕ್ರಮ ಎಲ್ಲಾದರೂ ಅದಲುಬದಲಾಗಿದ್ದರೆ ಲೈನಿನ ಮೇಲೆಯೇ ಕಾಣಿಸುತ್ತದೆ.